ಮಗ ಕಳಿಸಿದ ದುಡ್ಡು ಊರಲ್ಲಿ ಎಷ್ಟು ದಿನ ನಿಲ್ಲುತ್ತದೆ?

ಊರು ಬಿಟ್ಟು ದುಡಿಯಲು ಹೋದವರ ಬಗ್ಗೆ, ಅವರು ಮನೆಗೆ ಹಾಕುವ ದುಡ್ಡಿನ ಬಗ್ಗೆ ಮಂಡ್ಯ, ಮೈಸೂರು ಕಡೆಯ ಓದುಗರಿಂದ ಒಂದರ ಹಿಂದೆ ಒಂದು ಪತ್ರ ಬರುತ್ತಿವೆ. ಈ ಸಲ ಪೂರ್ತಿ ಜಾಗ ಅವಕ್ಕೇ ಕೊಟ್ಟಿದ್ದೇವೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಹಾಕಿಲ್ಲ.

ಪ್ರಶ್ನೆ: ನನ್ನ ಇಬ್ಬರು ಗಂಡುಮಕ್ಕಳು ಮುಂಬೈನಲ್ಲಿದ್ದಾರೆ. ಒಬ್ಬ ಹೋಟೆಲಿನಲ್ಲಿ, ಇನ್ನೊಬ್ಬ ಟ್ಯಾಕ್ಸಿ ಓಡಿಸ್ತಾನೆ. ತಿಂಗಳು ತಿಂಗಳು ದುಡ್ಡು ಹಾಕ್ತಾರೆ. ಹೊರಗಿಂದ ಬರೋ ದುಡ್ಡಿನಿಂದ ದೇಶ ಮುಂದೆ ಬರ್ತಿದೆ ಅಂತ ಟಿವಿಯಲ್ಲಿ ಹೇಳ್ತಾರೆ. ನಮ್ಮೂರಲ್ಲಿ ಸುಮಾರು ಮನೆಗಳ ಹುಡುಗರು ಹೊರಗಿದ್ದಾರೆ. ಮನೆಗಳೆಲ್ಲ ಮೋಲ್ಡ್ ಆಗಿವೆ, ಊರು ಮಾತ್ರ ಹಾಗೇ ಇದೆ. ಯಾಕೆ?
— ಕೆ.ಆರ್. ಪೇಟೆ ತಾಲೂಕಿನ ಓದುಗರು

ಉತ್ತರ: ಟಿವಿಯವರ ಲೆಕ್ಕವನ್ನು ಮೊದಲು ಬಿಡಿಸಿಬಿಡೋಣ. ಅವರು ಹೇಳುವುದು ಹೊರದೇಶದಿಂದ ಬರುವ ದುಡ್ಡು. ವಿಶ್ವಬ್ಯಾಂಕಿನ ಲೆಕ್ಕದ ಪ್ರಕಾರ 2022ರಲ್ಲಿ ಭಾರತಕ್ಕೆ ಹೀಗೆ ಬಂದ ಹಣ 100 ಬಿಲಿಯನ್ ಡಾಲರ್ ದಾಟಿತು. ಒಂದೇ ವರ್ಷದಲ್ಲಿ ಅಷ್ಟು ಪಡೆದ ಮೊದಲ ದೇಶ ನಮ್ಮದು. ವಿದೇಶಿ ಕಂಪನಿಗಳು ಇಲ್ಲಿ ಹೂಡುವ ಬಂಡವಾಳಕ್ಕಿಂತ ಇದು ಜಾಸ್ತಿ. ಆದರೆ ನಿಮ್ಮ ಮಕ್ಕಳು ಮುಂಬೈನಿಂದ ಹಾಕುವ ಒಂದು ರೂಪಾಯಿಯೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ದೇಶದ ಒಳಗೇ ಓಡಾಡುವ ದುಡ್ಡು. ಅದರ ಬಗ್ಗೆ ಯಾರೂ ದೊಡ್ಡ ಮಾತಾಡುವುದಿಲ್ಲ, ಆದರೆ ಕೆ.ಆರ್. ಪೇಟೆ, ನಾಗಮಂಗಲದಂಥ ಕಡೆ ಒಲೆ ಉರಿಯುವುದರಲ್ಲಿ ಅದರ ಪಾಲು ತುಂಬಾ ದೊಡ್ಡದು.

ಈಗ ನಿಮ್ಮ ಮನೆಗೆ ಬಂದ ದುಡ್ಡಿನ ಬೆನ್ನು ಹತ್ತಿ ಹೋಗೋಣ. ಒಂದು ತಿಂಗಳಿಗೆ 20,000 ರೂಪಾಯಿ ಬಂತು ಅಂದುಕೊಳ್ಳಿ. ಸಂಘದ ಕಂತು, ಚೀಟಿ ಕಂತು, ಮೊಮ್ಮಗನ ಕಾನ್ವೆಂಟ್ ಫೀಸು, ಅಜ್ಜಿಯ ಬಿಪಿ ಶುಗರ್ ಮಾತ್ರೆ, ಗ್ಯಾಸು, ದಿನಸಿ. ಫೀಸು ಪೇಟೆಯ ಸ್ಕೂಲಿಗೆ ಹೋಯಿತು. ಮಾತ್ರೆಯ ದುಡ್ಡು ಮೆಡಿಕಲ್ ಸ್ಟೋರ್ ಮೂಲಕ ಎಲ್ಲೋ ದೂರದ ಕಂಪನಿಗೆ ಹೋಯಿತು. ಊರಿನ ಅಂಗಡಿಯವನಿಗೆ ಸಿಕ್ಕಿದ್ದು ಸಣ್ಣ ಲಾಭ, ಗದ್ದೆ ಕೆಲಸಕ್ಕೆ ಬಂದ ಆಳಿಗೆ ಸಿಕ್ಕಿದ್ದು ಕೂಲಿ. ಇವೆರಡೇ ಊರಲ್ಲಿ ಉಳಿದದ್ದು. ಮೋಲ್ಡ್ ಹಾಕಿಸುವಾಗಲೂ ಹೀಗೇ ಅಲ್ವಾ? ಸಿಮೆಂಟು, ಕಬ್ಬಿಣ, ಟೈಲ್ಸ್ ಎಲ್ಲ ಹೊರಗಿನದು, ಗಾರೆ ಕೆಲಸದವರ ಕೂಲಿ ಮಾತ್ರ ತಾಲೂಕಿನೊಳಗೆ. ಇನ್ನು ಬೋರು. ನಮ್ಮ ಬಯಲು ತಾಲೂಕುಗಳಿಗೆ ಕೊರೆಯಲು ಬರುವ ಎಷ್ಟೋ ರಿಗ್ ಲಾರಿಗಳು ತಮಿಳುನಾಡಿನ ತಿರುಚೆಂಗೋಡಿನವು. ಮಗ ವರ್ಷಗಟ್ಟಲೆ ಬೇರೆಯವರ ಎಂಜಲು ತಟ್ಟೆ ಎತ್ತಿ ಉಳಿಸಿದ್ದು ಒಂದೇ ರಾತ್ರಿಯಲ್ಲಿ ಕೊರೆದು ಮುಗಿಯುತ್ತದೆ, ನೀರು ಬಂದರೆ ಪುಣ್ಯ, ಬರದಿದ್ದರೆ ಬರೀ ಬಿಳಿ ಪುಡಿ, ಲಾರಿಯವನು ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡು ಬೆಳಗಾಗುವಷ್ಟರಲ್ಲಿ ಹೊರಟಿರುತ್ತಾನೆ.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಳ್ಳಿಯವರು ದುಡ್ಡನ್ನೆಲ್ಲ ಮನೆ ಕಟ್ಟಿ ದಂಡ ಮಾಡಿದರು ಅಂತ ಹೇಳುವವರು ಇದ್ದಾರೆ, ಅವರ ಮಾತು ನಂಬಬೇಡಿ. ಸೋರುವ ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ, ಬಯಲಿಗೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳಿಗೆ ಮೋಲ್ಡ್ ಮನೆ ಮತ್ತು ಬಾತ್‌ರೂಮ್ ಅಂದರೆ ಏನು ಅಂತ ಗೊತ್ತು. ಅದೂ ಅಭಿವೃದ್ಧಿಯೇ.

ಈ ದುಡ್ಡು ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಡೀನ್ ಯಾಂಗ್ ಮತ್ತು ಹ್ವಾಜುಂಗ್ ಚೋಯ್ ಎಂಬ ಅರ್ಥಶಾಸ್ತ್ರಜ್ಞರು ಮಳೆ ಮತ್ತು ಮನೆ ಆದಾಯದ ಲೆಕ್ಕ ಹಿಡಿದು ನೋಡಿದರು. ಹೊರದೇಶದಲ್ಲಿ ದುಡಿಯುವವರಿದ್ದ ಮನೆಗಳಲ್ಲಿ ಮಳೆಯ ಏರುಪೇರಿನಿಂದ ಆದಾಯ 100 ರೂಪಾಯಿ ಕಮ್ಮಿಯಾದರೆ ಸುಮಾರು 60 ರೂಪಾಯಿ ಅವರು ಕಳಿಸಿದ ದುಡ್ಡಿನಿಂದಲೇ ತುಂಬಿತ್ತು. ನಮ್ಮ ಕಡೆಗೂ ಇದು ಅನ್ವಯಿಸುತ್ತದೆ ಅನ್ನುವುದು ನನ್ನ ನಂಬಿಕೆ. ಮಳೆ ಕೈಕೊಟ್ಟ ವರ್ಷ ರಾಗಿ ಹೋದರೂ ಮೀಟರ್ ಬಡ್ಡಿಯವನ ಮನೆ ಬಾಗಿಲು ತಟ್ಟದೆ ಉಳಿದ ಮನೆಗಳನ್ನು ನೋಡಿ, ಅಲ್ಲಿ ಹೊರಗೆ ದುಡಿಯುವ ಒಬ್ಬ ಮಗ ಅಥವಾ ಮಗಳು ಇದ್ದೇ ಇರುತ್ತಾರೆ. ಯಾಂಗ್ ಅವರದೇ ಇನ್ನೊಂದು ಅಧ್ಯಯನ ಇದೆ. 1997ರಲ್ಲಿ ಏಷ್ಯಾದಲ್ಲಿ ಹಣಕಾಸಿನ ಬಿಕ್ಕಟ್ಟು ಬಂದು ಫಿಲಿಪ್ಪೀನ್ಸ್‌ನ ಪೆಸೊ (ಅಲ್ಲಿನ ದುಡ್ಡು) ಬೆಲೆ ಕುಸಿಯಿತು, ಹಾಗಾಗಿ ಕೆಲವು ದೇಶಗಳಿಂದ ಬರುತ್ತಿದ್ದ ಅದೇ ದುಡ್ಡು ಮನೆಯಲ್ಲಿ ಜಾಸ್ತಿ ಆಯಿತು. ಆ ಮನೆಗಳು ಮಾಡಿದ್ದೇನು ಗೊತ್ತಾ? ಮಕ್ಕಳನ್ನು ಕೆಲಸ ಬಿಡಿಸಿ ಸ್ಕೂಲಿಗೆ ಕಳಿಸಿದವು, ಕೆಲವರು ಸಣ್ಣಪುಟ್ಟ ಸ್ವಂತ ಉದ್ಯೋಗಕ್ಕೂ ಕೈ ಹಾಕಿದರು.

ಹಾಗಾದರೆ ಊರು ಯಾಕೆ ಹಾಗೇ ಇದೆ? ಬಂದ ದುಡ್ಡಿಗೆ ಊರಲ್ಲೇ ಮಾಡಲು ಕೆಲಸ ಇಲ್ಲ, ಅದಕ್ಕೆ. ಡೈರಿ ಇರುವ ಊರನ್ನೇ ತಗೊಳ್ಳಿ. ಮಗ ಕಳಿಸಿದ ದುಡ್ಡಲ್ಲಿ ಒಂದು ಸೀಮೆಹಸು ಕಟ್ಟಿದರೆ ಬೆಳಿಗ್ಗೆ ಸಂಜೆ ಹಾಲು ಅಳೆಯಲು ಜಾಗ ಇದೆ, ಫ್ಯಾಟ್ ನೋಡುತ್ತಾರೆ, ದುಡ್ಡು ಅಕೌಂಟಿಗೆ ಬೀಳುತ್ತದೆ. ಹಸಿರು ಹುಲ್ಲು ಮಾರುವವನಿಗೆ, ಬೂಸಾ ಅಂಗಡಿಗೆ, ಹಸು ನೋಡುವ ಡಾಕ್ಟರಿಗೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗುತ್ತದೆ. ಅದೇ ದುಡ್ಡಲ್ಲಿ ಟೊಮೆಟೊ ಬೆಳೆದರೆ ಬೆಲೆ ಬಿದ್ದ ದಿನ ಇಟ್ಟುಕೊಳ್ಳಲು ಜಾಗ ಇಲ್ಲ, ರಸ್ತೆ ಬದಿಗೆ ಸುರಿಯಬೇಕು. ಒಂದಕ್ಕೆ ಹಿಂದೆ ವ್ಯವಸ್ಥೆ ಇದೆ, ಇನ್ನೊಂದಕ್ಕೆ ಇಲ್ಲ. ಆ ವ್ಯವಸ್ಥೆ ಕಟ್ಟುವುದು ಹೋಟೆಲಲ್ಲಿ ದುಡಿಯುವ ಹುಡುಗನ ಕೈಲಿ ಆಗುವ ಕೆಲಸ ಅಲ್ಲ, ಅದು ಸರ್ಕಾರದ, ಸಹಕಾರ ಸಂಘಗಳ ಕೆಲಸ. ಹುಡುಗರು ಅವರ ಪಾಲು ಮಾಡಿದ್ದಾರೆ. ಸರಿಯಾದ ಸ್ಕೂಲು, ಆಸ್ಪತ್ರೆ ಊರ ಹತ್ತಿರ ಇದ್ದಿದ್ದರೆ ಆ ಫೀಸು, ಆ ಆಸ್ಪತ್ರೆ ಬಿಲ್ಲೇ ಎಷ್ಟೋ ಉಳಿಯುತ್ತಿತ್ತು. ನಮ್ಮ ಕಡೆ ಅತಿ ದೊಡ್ಡ ಸೋರಿಕೆ ಇದೇ ಎನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹರಡುತ್ತಿದ್ದಾಗ, ಹೊರದೇಶದಿಂದ ಬರುವ ದುಡ್ಡು ಆ ವರ್ಷ ಸುಮಾರು 20 ಶೇಕಡಾ ಕುಸಿಯುತ್ತದೆ ಅಂತ ವಿಶ್ವಬ್ಯಾಂಕ್ ಅಂದಾಜು ಮಾಡಿತ್ತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ನಿಜಕ್ಕೂ ಕಮ್ಮಿಯಾದದ್ದು 2 ಶೇಕಡಾಕ್ಕಿಂತಲೂ ಕಡಿಮೆ. ಹೊರಗಿದ್ದವರು ತಾವು ಅರ್ಧ ಹೊಟ್ಟೆ ಉಂಡರೂ ಮನೆಗೆ ಕಳಿಸುವುದನ್ನು ನಿಲ್ಲಿಸಲಿಲ್ಲ. ಆದರೆ ನಿಮ್ಮ ತಾಲೂಕಿನ ಕಥೆ ಬೇರೆ ಆಯಿತು. ಮುಂಬೈ ಹೋಟೆಲುಗಳು ಮುಚ್ಚಿದವು, ಮೇ ತಿಂಗಳಲ್ಲಿ ಜನ ಗಾಡಿ ಮಾಡಿಕೊಂಡು ವಾಪಸ್ ಬಂದರು, ಕ್ವಾರಂಟೈನ್ ಆದರು, ಮಂಡ್ಯ ಜಿಲ್ಲೆಯ ಕೇಸುಗಳು ಏರಿದಾಗ ಕೆಲವರು ಅವರನ್ನೇ ಬೈದರು. ಅದು ನನಗೆ ಈಗಲೂ ಬೇಜಾರು. ವರ್ಷಗಟ್ಟಲೆ ಅವರ ದುಡ್ಡಲ್ಲಿ ಹಬ್ಬ ಮಾಡಿದ ಊರು ಅವರು ಕಷ್ಟದಲ್ಲಿ ಬಂದಾಗ ಮುಖ ತಿರುಗಿಸಬಾರದಿತ್ತು. ಇಡೀ ಊರಿನ ಹುಡುಗರು ಒಂದೇ ನಗರಕ್ಕೆ, ಒಂದೇ ಕಸುಬಿಗೆ ಹೋದರೆ ಅಪಾಯ ಎಷ್ಟು ಅಂತಲೂ ಆಗ ಗೊತ್ತಾಯಿತು. ಮುಂದಿನ ಹುಡುಗ ಹೋಗುವಾಗ ಬೇರೆ ಊರು, ಬೇರೆ ಕೆಲಸ ಕಲಿತು ಹೋಗಲಿ.

ಪ್ರಶ್ನೆ: ಮುಂಬೈನಲ್ಲಿರೋ ನಮ್ಮೂರಿನವರೆಲ್ಲ ಸೇರಿ ದೇವಸ್ಥಾನ ಜೀರ್ಣೋದ್ಧಾರ ಮಾಡಿಸಿದರು. ಅದೇ ದುಡ್ಡಲ್ಲಿ ಊರಿಗೆ ಬೇರೆ ಏನಾದರೂ ಮಾಡಿಸಬಹುದಿತ್ತು ಅಂತ ನನ್ನ ವಾದ. ಎಲ್ಲರೂ ನನ್ನನ್ನು ನಾಸ್ತಿಕ ಅಂತಾರೆ.
— ನಾಗಮಂಗಲ ತಾಲೂಕಿನ ಓದುಗರು

ಉತ್ತರ: ದೇವಸ್ಥಾನ ಬೇಡ ಅನ್ನಬೇಡಿ. ಅದರ ಹೆಸರಲ್ಲೇ ಎಲ್ಲರೂ ದುಡ್ಡು ಹಾಕಿದ್ದು, ಲೆಕ್ಕ ಇಟ್ಟಿದ್ದು, ನಂಬಿಕೆ ಉಳಿಸಿಕೊಂಡಿದ್ದು. ಆ ನಂಬಿಕೆಯ ಮೇಲೆ ಮುಂದಿನ ಕೆಲಸ ಕಟ್ಟಿ. ಮೆಕ್ಸಿಕೊದಲ್ಲಿ ಝಕಾಟೆಕಾಸ್ ಅನ್ನುವ ರಾಜ್ಯ ಇದೆ, ಅಲ್ಲಿಂದ ಅಮೆರಿಕಕ್ಕೆ ಹೋದವರು ಊರಿನ ಹೆಸರಲ್ಲಿ ಸಂಘ ಕಟ್ಟಿಕೊಂಡು ಊರಿಗೆ ದುಡ್ಡು ಕಳಿಸುತ್ತಿದ್ದರು. ಆಮೇಲೆ ಸರ್ಕಾರವೂ ಕೈ ಜೋಡಿಸಿತು. ಸಂಘದವರು ಒಂದು ಪೆಸೊ (ಮೆಕ್ಸಿಕೊದ ದುಡ್ಡಿಗೂ ಇದೇ ಹೆಸರು) ಹಾಕಿದರೆ ಕೇಂದ್ರ, ರಾಜ್ಯ, ಸ್ಥಳೀಯ ಸರ್ಕಾರಗಳು ತಲಾ ಒಂದು ಪೆಸೊ ಸೇರಿಸುತ್ತಿದ್ದವು. 2002ರಲ್ಲಿ ಇದು ಇಡೀ ದೇಶದ ಯೋಜನೆ ಆಯಿತು. ರಸ್ತೆ, ಕುಡಿಯುವ ನೀರು, ಕರೆಂಟು, ಜೊತೆಗೆ ಚರ್ಚಿನ ರಿಪೇರಿಯೂ ಆಯಿತು. ಅಲ್ಲೂ ಒಂದು ಕೊರತೆ ಇತ್ತು. ಹೊರಗೆ ಹೋದವರು ಜಾಸ್ತಿ ಇದ್ದ, ಸಂಘ ಗಟ್ಟಿ ಇದ್ದ ಊರಿಗೇ ಜಾಸ್ತಿ ದುಡ್ಡು ಹೋಯಿತು, ಹೋಗಲು ದಾರಿಯೇ ಇಲ್ಲದ ಕಡು ಬಡ ಊರು ಹಿಂದೆ ಉಳಿಯಿತು.

ನಮ್ಮಲ್ಲಿ ಇಂಥದ್ದು ಸರ್ಕಾರದಿಂದ ಬರುವವರೆಗೂ ಕಾಯಬೇಕಿಲ್ಲ. ಮುಂದಿನ ಹಬ್ಬಕ್ಕೆ ಮುಂಬೈನವರು ಬಂದಾಗ ಅರಳಿಕಟ್ಟೆ ಮೇಲೆ ಕೂತು ಒಂದೇ ಕೆಲಸ ಹೇಳಿ. ಕೆರೆ ಹೂಳು, ಸ್ಕೂಲಿನ ಶೌಚಾಲಯ, ಯಾವುದಾದರೂ ಒಂದು. ಪಂಚಾಯಿತಿ ಪಾಲು ಎಷ್ಟು ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ. ಹತ್ತು ಕೆಲಸದ ಪಟ್ಟಿ ಕೊಟ್ಟರೆ ಒಂದೂ ಆಗುವುದಿಲ್ಲ.

ಪ್ರಶ್ನೆ: ಕೇರಳ ಮುಂದೆ ಬಂದಿದ್ದು ಗಲ್ಫ್ ದುಡ್ಡಿನಿಂದ ಅಂತ ನಮ್ಮ ಮೇಷ್ಟ್ರು ಹೇಳ್ತಾರೆ. ಹಾಗಾದರೆ ಮಂಡ್ಯದವರೂ ಗಲ್ಫಿಗೆ ಹೋಗಿದ್ದರೆ ಸಾಕಿತ್ತಾ?
— ಎಂ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಅರ್ಧ ಸರಿ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಗಲ್ಫಿನಲ್ಲಿ ಕಟ್ಟಡ ಕೆಲಸ ಜೋರಾಯಿತು, ಕೇರಳದ ಜನ ಗುಂಪು ಗುಂಪಾಗಿ ಹೋದರು. 2023ರ ಕೇರಳ ವಲಸೆ ಸಮೀಕ್ಷೆ ಪ್ರಕಾರ ಒಂದು ವರ್ಷಕ್ಕೆ ಬಂದ ಹಣ 2.16 ಲಕ್ಷ ಕೋಟಿ ರೂಪಾಯಿ. ಆದರೆ ಅಲ್ಲಿ ಓದು, ಆಸ್ಪತ್ರೆ, ಭೂ ಸುಧಾರಣೆಯ ಕೆಲಸ ಗಲ್ಫಿಗೆ ಹೋಗುವ ಮೊದಲೇ ಶುರುವಾಗಿತ್ತು. ದುಡ್ಡು ಬಂದಾಗ ಅದನ್ನು ಹಿಡಿದುಕೊಳ್ಳಲು ಒಂದಿಷ್ಟು ವ್ಯವಸ್ಥೆ ತಯಾರಿತ್ತು. ಅಷ್ಟಾದರೂ ಅಲ್ಲಿ ಹೇಳಿಕೊಳ್ಳುವಷ್ಟು ಕಾರ್ಖಾನೆಗಳು ಬರಲಿಲ್ಲ. ಮನೆ, ಚಿನ್ನ, ಜಮೀನಿನ ಬೆಲೆ ಏರಿತು, ಕೂಲಿ ಏರಿತು, ಇವತ್ತು ಅಲ್ಲಿ ಗಾರೆ ಕೆಲಸಕ್ಕೆ ಬಂಗಾಳ, ಅಸ್ಸಾಂ, ಬಿಹಾರದವರು ಬಂದು ದುಡಿದು ತಮ್ಮ ಊರಿಗೆ ಕಳಿಸುತ್ತಾರೆ. ಓದಿದ ಮಕ್ಕಳು ಕೆಲಸ ಹುಡುಕಿಕೊಂಡು ಮತ್ತೆ ಹೊರಗೇ ಹೋಗುತ್ತಾರೆ. ದುಡ್ಡು ನಿಂತ ಉದಾಹರಣೆಯೂ ಇದೆ. 1999ರಲ್ಲಿ ಶುರುವಾದ ಕೊಚ್ಚಿ ವಿಮಾನ ನಿಲ್ದಾಣಕ್ಕೆ ಸಾವಿರಾರು ಅನಿವಾಸಿಗಳು ಷೇರು ಹಾಕಿದ್ದರು. ಸರ್ಕಾರ ಮುಂದೆ ನಿಂತು ಒಂದು ಜಾಗ ತೋರಿಸಿದ್ದಕ್ಕೆ ಅದು ಆಯಿತು.

ಮಂಡ್ಯಕ್ಕೆ ಬನ್ನಿ. ಇಲ್ಲಿನವರು ಗಲ್ಫಿಗೆ ಹೋಗದೇ ಇದ್ದದ್ದಕ್ಕೆ ಒಂದು ಕಾರಣ ಕನ್ನಂಬಾಡಿ ಕಟ್ಟೆ. 1930ರ ದಶಕದಲ್ಲಿ ನಾಲೆ ನೀರು ಬಂತು, 1933ರಲ್ಲಿ ಮೈಶುಗರ್ ಕಾರ್ಖಾನೆ ಬಂತು, ಮನೆ ಬಾಗಿಲಲ್ಲೇ ಕಬ್ಬು ಇರುವಾಗ ಊರು ಯಾಕೆ ಬಿಡಬೇಕು? ನೀರು ಹತ್ತದ ಊರಿನವರು ಮಾತ್ರ ಹೊರಗೆ ನೋಡಿದರು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞೆ ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಸಿಕ್ಕಿತ್ತು. ಇನ್ನೊಂದು ಎತ್ತರದಲ್ಲಿದ್ದ ಕಾರಣ ಒಣಗಿತ್ತು. ನೀರಾವರಿ ಊರು ಶ್ರೀಮಂತ ಆಯಿತು, ಆದರೆ ಬದುಕುವ ರೀತಿ ಬಹುಪಾಲು ಹಿಂದಿನಂತೆಯೇ ಉಳಿಯಿತು. ಒಣ ಊರಿನವರು ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರ ಮಾಡಿದರು, ಗಿರಣಿ ಹಾಕಿದರು, ಪಕ್ಕದ ಊರಲ್ಲಿ ಗದ್ದೆ ಕೊಂಡರು. ಒಟ್ಟು ಕುಟುಂಬ, ಜಾತಿ, ಯಜಮಾನಿಕೆ, ಎಲ್ಲದರಲ್ಲೂ ಬದಲಾವಣೆ ಬೇಗ ಕಂಡದ್ದು ಆ ಒಣ ಊರಲ್ಲೇ. ಅರ್ಥಶಾಸ್ತ್ರ ಓದುವ ನಿಮಗೆ ಇದು ಗಲ್ಫಿಗಿಂತ ಹತ್ತಿರದ ಪಾಠ. ಅವರು ದುಡಿದ ಜಾಗ ಸೈಕಲ್ ಹೊಡೆದು ಸಂಜೆಗೆ ವಾಪಸ್ ಬರುವಷ್ಟು ಹತ್ತಿರ ಇತ್ತು, ಅದಕ್ಕೇ ದುಡ್ಡಿನ ಜೊತೆ ಮನುಷ್ಯನೂ ಊರಲ್ಲೇ ಉಳಿದ. ಮಂಡ್ಯ, ಮದ್ದೂರಿನಿಂದ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರನ್ನು ನೋಡಿದಾಗ ನನಗೆ ಆ ಊರು ನೆನಪಾಗುತ್ತದೆ, ಆದರೆ ಅವರಿಗೆ ಮಲಗಲು ಬಿಟ್ಟು ಊರಿಗಾಗಿ ಸಮಯವೇ ಉಳಿಯುವುದಿಲ್ಲ.

ಈಗ ನೀರಾವರಿ ಊರಿನವರೂ ಹೊರಡುತ್ತಿದ್ದಾರೆ. ಹಿಡುವಳಿ ತುಂಡಾಗಿದೆ, ಕಬ್ಬಿನ ಬಾಕಿಗೆ ಕಾಯಬೇಕು. 2023ರ ಫೆಬ್ರವರಿಯಲ್ಲಿ ಮದ್ದೂರು ತಾಲೂಕಿನಿಂದ ಮಾದಪ್ಪನ ಬೆಟ್ಟಕ್ಕೆ ಹೆಣ್ಣು ಸಿಗದ ಹುಡುಗರು ಪಾದಯಾತ್ರೆ ಹೋದದ್ದು ನೆನಪಿದೆಯಲ್ಲ? ಗದ್ದೆ ಇರುವ ಅಪ್ಪನೇ ತನ್ನ ಮಗಳಿಗೆ ಬೆಂಗಳೂರಿನ ಸಂಬಳದ ಹುಡುಗ ಬೇಕು ಅನ್ನುವ ಕಾಲ. ಊರು ಬಿಡುವ ತೀರ್ಮಾನ ಕೂಲಿ ಲೆಕ್ಕದಲ್ಲಿ ಮಾತ್ರ ಆಗುತ್ತಿಲ್ಲ. ನಿಮ್ಮ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಇದನ್ನೇ ತಗೊಳ್ಳಿ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಶ್ರೀರಂಗಪಟ್ಟಣದ ಹತ್ತಿರ ಅವನ ಹೆಸರಲ್ಲಿ ಎರಡು ಎಕರೆ ಗದ್ದೆ ತಗೋಬಹುದಾ?
— ವಿಜಯನಗರ, ಮೈಸೂರು

ಉತ್ತರ: ಆಗುವುದಿಲ್ಲ. ಅನಿವಾಸಿಗಳು ಇಲ್ಲಿ ಮನೆ, ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ವಿದೇಶಿ ಹಣದ ವ್ಯವಹಾರಕ್ಕೆ ಇರುವ ಫೆಮಾ ಕಾಯ್ದೆಯ ನಿಯಮಗಳಲ್ಲಿ ಇದು ಸ್ಪಷ್ಟ ಇದೆ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. 2020ರಲ್ಲಿ ಕರ್ನಾಟಕದ ಭೂ ಕಾಯ್ದೆ ಸಡಿಲ ಆಯಿತಲ್ಲ ಅಂತ ಬ್ರೋಕರ್ ಹೇಳಬಹುದು, ಆ ಸಡಿಲಿಕೆ ಅನಿವಾಸಿಗಳಿಗೆ ಈ ದಾರಿ ತೆರೆದಿಲ್ಲ. ಬೇರೆಯವರ ಹೆಸರಲ್ಲಿ ಮಾಡಿಸೋಣ ಅನ್ನುವ ಯೋಚನೆಯೂ ಬೇಡ, ಬೇನಾಮಿ ಆಗುತ್ತದೆ. ನಿಮಗೆ ನಿಜವಾಗಿ ಬೇಸಾಯ ಮಾಡುವ ಆಸೆ ಇದ್ದು ನಿಮ್ಮ ಹೆಸರಲ್ಲಿ ಕೊಳ್ಳುವುದಾದರೆ ಮೊದಲು ವಕೀಲರ ಹತ್ತಿರ ಮಾತಾಡಿ. ಸುಮ್ನೆ ತಂತಿ ಬೇಲಿ ಹಾಕಿ ಬೀಳು ಬಿಡುವುದಕ್ಕಾದರೆ ದಯವಿಟ್ಟು ಬೇಡ. ಹೊರಗಿನ ದುಡ್ಡು ಬಂದು ಎಕರೆ ಬೆಲೆ ಏರಿದ ಕಡೆ ಪಕ್ಕದ ರೈತ ಒಂದು ಗುಂಟೆಯನ್ನೂ ಕೊಳ್ಳಲಾರದ ಹಾಗೆ ಆಗಿದೆ.

ಪ್ರಶ್ನೆ: ನಮ್ಮ ಆಲೆಮನೆಯಲ್ಲಿ ಉತ್ತರ ಪ್ರದೇಶದ ಹುಡುಗರು ಕೆಲಸ ಮಾಡ್ತಾರೆ. ಕೊಟ್ಟ ಸಂಬಳ ಅವತ್ತು ರಾತ್ರಿಯೇ ಫೋನಲ್ಲಿ ಊರಿಗೆ ಹೋಗುತ್ತೆ. ಜಿಲ್ಲೆಯ ದುಡ್ಡು ಹೀಗೆ ಹೊರಗೆ ಹೋಗೋದು ನಮಗೆ ನಷ್ಟ ಅಲ್ವಾ?
— ಪಾಂಡವಪುರ ತಾಲೂಕಿನ ಓದುಗರು

ಉತ್ತರ: ಕೊಪ್ಪರಿಗೆ ಮುಂದೆ ಆ ಬಿಸಿಯಲ್ಲಿ ನಿಂತು, ಕಬ್ಬಿನ ಹಾಲಿನ ಮೇಲೆ ಬಂದ ಕಲ್ಮಷ ತೆಗೆದು, ಪಾಕ ಬರುವ ಹದ ನೋಡಿ ಅಚ್ಚಿಗೆ ಸುರಿಯುವುದು ಅವರೇ ತಾನೆ? ಸಂಬಳ ಹೋಯಿತು, ಬೆಲ್ಲ ಉಳಿಯಿತು. ಆ ಬೆಲ್ಲ ಮಂಡ್ಯ ಮಾರ್ಕೆಟ್ಟಿಗೆ ಹೋಗಿ ನಿಮಗೂ ಕಬ್ಬು ಬೆಳೆದವನಿಗೂ ದುಡ್ಡು ತಂದಿತು. 2020ರಲ್ಲಿ ಹೊರಗಿನ ಹುಡುಗರು ಊರಿಗೆ ಹೊರಟಾಗ ಏನಾಯಿತು ಅಂತ ನಿಮ್ಮ ಸುತ್ತಿನ ಆಲೆಮನೆಯವರನ್ನೇ ಕೇಳಿ. ಕೇಂದ್ರ ಸರ್ಕಾರದ 2016-17ರ ಆರ್ಥಿಕ ಸಮೀಕ್ಷೆ ರೈಲು ಪ್ರಯಾಣದ ಲೆಕ್ಕ ಹಿಡಿದು, 2011ರಿಂದ 2016ರವರೆಗೆ ವರ್ಷಕ್ಕೆ ಸುಮಾರು 90 ಲಕ್ಷ ಜನ ಕೆಲಸಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಹೋದರು ಅಂತ ಅಂದಾಜು ಮಾಡಿತ್ತು. ಆ ಹುಡುಗರೂ ಅದರಲ್ಲಿ ಬರುತ್ತಾರೆ, ಕೆ.ಆರ್. ಪೇಟೆಯಿಂದ ಮುಂಬೈಗೆ ಹೋದ ನಮ್ಮ ಹುಡುಗರೂ ಬರುತ್ತಾರೆ. ಅಲ್ಲಿ ನಮ್ಮವರನ್ನು ಹೇಗೆ ನೋಡಿಕೊಳ್ಳಲಿ ಅಂತ ಬಯಸುತ್ತೀರೋ ಹಾಗೇ ಇಲ್ಲಿ ಅವರನ್ನು ನೋಡಿಕೊಳ್ಳಿ. ಮಲಗಲು ಹೊಗೆ ಇಲ್ಲದ ಕೋಣೆ ಕೊಡಿ, ಸಂಬಳವನ್ನು ಅವರ ಅಕೌಂಟಿಗೇ ಹಾಕಿ, ಮೇಸ್ತ್ರಿ ಕೈಗೆ ಕೊಡಬೇಡಿ. ಅವರ ಊರಿನ ರೇಷನ್ ಕಾರ್ಡಿನಲ್ಲಿ ಇಲ್ಲೇ ಪಡಿತರ ತಗೊಳ್ಳಬಹುದು, 'ಒಂದು ದೇಶ ಒಂದು ಪಡಿತರ ಚೀಟಿ' ಇರುವುದೇ ಅದಕ್ಕೆ. ನ್ಯಾಯಬೆಲೆ ಅಂಗಡಿಯವರು ಇಲ್ಲ ಅಂದರೆ ನೀವೇ ಜೊತೆಗೆ ಹೋಗಿ ಮಾತಾಡಿ. ಹಾಗೆ ಉಳಿದ ದುಡ್ಡಲ್ಲಿ ಸ್ವಲ್ಪ ನಿಮ್ಮೂರಿನ ಅಂಗಡಿಗೂ ಬರುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ. ರೂಮ್ ಬಾಡಿಗೆ, ಊಟ ಕಳೆದು ಉಳಿದಿದ್ದೆಲ್ಲ ಅಪ್ಪನ ಅಕೌಂಟಿಗೆ ಹಾಕ್ತೀನಿ. ಅಣ್ಣನ ಬೈಕು, ಮನೆ ಮೇಲಿನ ಅಂತಸ್ತು ಎಲ್ಲ ಅದರಲ್ಲೇ ಆಯ್ತು. ಈಗ ನನ್ನ ಮದುವೆ ಮಾತು ಬಂದರೆ ಸಾಲ ಮಾಡಬೇಕು ಅಂತಾರೆ. ಕಳಿಸೋದು ಕಮ್ಮಿ ಮಾಡಿದರೆ ತಪ್ಪಾ?
— ಮಳವಳ್ಳಿ ತಾಲೂಕಿನ ಓದುಗಿ

ಉತ್ತರ: ತಪ್ಪಲ್ಲಮ್ಮ, ಖಂಡಿತ ತಪ್ಪಲ್ಲ. ಇಡೀ ಮನೆ ನಿಮ್ಮ ಹೊಲಿಗೆ ಮೆಷಿನ್ ಮೇಲೆ ನಿಂತಿದೆ, ಆದರೂ ನಿಮ್ಮ ಹೆಸರಲ್ಲಿ ಒಂದು ರೂಪಾಯಿ ಇಲ್ಲ ಅಂದರೆ ಓದುವ ನನಗೇ ಸಂಕಟ ಆಗುತ್ತದೆ. 2011ರ ಜನಗಣತಿಯಲ್ಲಿ ದೇಶದೊಳಗೆ ಊರು ಬದಲಿಸಿದವರು 45 ಕೋಟಿಗೂ ಜಾಸ್ತಿ. ಅವರಲ್ಲಿ ಹೆಂಗಸರೇ ಹೆಚ್ಚು, ಕಾರಣದ ಜಾಗದಲ್ಲಿ ಬಹುಪಾಲು 'ಮದುವೆ' ಅಂತ ಇದೆ. ಮದುವೆಯಾಗಿ ಹೋದವಳು ಆಮೇಲೆ ದುಡಿದರೂ ಆ ಕಾರಣ ಬದಲಾಗುವುದಿಲ್ಲ. ಹೀಗೆ ಎಷ್ಟೋ ಹೆಣ್ಣುಮಕ್ಕಳ ದುಡಿಮೆ ಲೆಕ್ಕದಲ್ಲೂ ಕಾಣುವುದಿಲ್ಲ, ಮನೆಯಲ್ಲೂ ಕಾಣುವುದಿಲ್ಲ.

ನಿಮ್ಮ ಪಿಎಫ್ ಮುಟ್ಟಬೇಡಿ. ಮೂಲ ವೇತನದ 12 ಶೇಕಡಾ ನಿಮ್ಮಿಂದ, ಅಷ್ಟೇ ಕಂಪನಿಯಿಂದ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು, ಕೇಂದ್ರ ಸರ್ಕಾರ ನಿಯಮವನ್ನೇ ವಾಪಸ್ ತಗೊಂಡಿತು. ಅಷ್ಟು ಜಗಳ ಮಾಡಿ ಉಳಿಸಿಕೊಂಡ ದುಡ್ಡು ಅದು. ಯುಎಎನ್ ನಂಬರ್ (ನಿಮ್ಮ ಪಿಎಫ್‌ನ ಖಾಯಂ ನಂಬರ್), ಆಧಾರ್, ಬ್ಯಾಂಕ್ ಅಕೌಂಟ್ ಸರಿಯಾಗಿ ಜೋಡಣೆ ಆಗಿದೆಯಾ ಅಂತ ಈ ವಾರವೇ ನೋಡಿಕೊಳ್ಳಿ. ಫ್ಯಾಕ್ಟರಿ ಬದಲಿಸಿದಾಗ ಹಳೆಯ ನಂಬರನ್ನೇ ಕೊಡಿ. ಪೋಸ್ಟ್ ಆಫೀಸಿನಲ್ಲಿ ನಿಮ್ಮ ಹೆಸರಲ್ಲಿ ಒಂದು ಆರ್‌ಡಿ ಮಾಡಿ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು. ಸಂಬಳ ಬಂದ ದಿನ ಮೊದಲು ಅದಕ್ಕೆ ಹಾಕಿ, ಆಮೇಲೆ ಮನೆಗೆ. ಮನೆ ಪಿತ್ರಾರ್ಜಿತ ಆಗಿದ್ದರೆ 2005ರಲ್ಲಿ ತಿದ್ದಿದ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅದರಲ್ಲಿ ನಿಮಗೂ ಅಣ್ಣನಷ್ಟೇ ಪಾಲಿದೆ, ಇದನ್ನು ಜಗಳಕ್ಕೆ ಬಳಸಬೇಡಿ, ಆದರೆ ಮರೆಯಲೂ ಬೇಡಿ.

ಅಪ್ಪನ ಹತ್ತಿರ ಫೋನಲ್ಲಿ ಮಾತಾಡಬೇಡಿ, ಊರಿಗೆ ಹೋದಾಗ ಎದುರಿಗೆ ಕೂತು ಮಾತಾಡಿ, ಅಮ್ಮನೂ ಇರಲಿ. "ಇನ್ನು ಮೇಲೆ ತಿಂಗಳಿಗೆ ಇಷ್ಟು ಕಳಿಸುತ್ತೇನೆ, ಇಷ್ಟು ನನ್ನ ಹೆಸರಲ್ಲಿ ಇಡುತ್ತೇನೆ" ಅಂತ ಮೊತ್ತ ಹೇಳಿ. ಅವರು ಬೇಜಾರಾದರೂ ಆ ಮೊತ್ತ ಬದಲಿಸಬೇಡಿ, ಕಳಿಸುತ್ತೇನೆ ಅಂದದ್ದನ್ನು ಒಂದು ತಿಂಗಳೂ ತಪ್ಪಿಸಬೇಡಿ. ಅಣ್ಣನ ಬೈಕಿನ ಕಂತು ಇನ್ನೂ ಬಾಕಿ ಇದ್ದರೆ ಅದನ್ನು ಅವನೇ ಕಟ್ಟಲಿ.